ಮೋಟಾರಿಗೆ ಯಾವ ಬಣ್ಣ?

ಹಳೆಯ ಕಾರಿಗೆ ಹೊಸದಾಗಿ ಬಣ್ಣ ಹಾಕಿಸಬೇಕೆಂಬ ಮಾತು ಮನೆಯಲ್ಲಿ ಬಂದಿತೆಂದರೆ ಕೂಡಲೆ ಏಳುವ ಪ್ರಶ್ನೆ, ಬಿಳಿಯೋ ನೀಲಿಯೋ ಕೆಂಪೋ ಎಂಬುದು. ಮಕ್ಕಳಿಗೆ ಒಂದು ಇಷ್ಟ, ಅಜ್ಜಿಗೆ ಇನ್ನೊಂದು, ಹಣ ಕೊಡುವವರಿಗೆ ಮತ್ತೊಂದು. ನಮ್ಮ 'ಬಣ್ಣ' ಎಂಬ ಪದಕ್ಕೆ ಎರಡು ಅರ್ಥಗಳಿರುವುದು ಈ ಚರ್ಚೆಯನ್ನು ದಾರಿ ತಪ್ಪಿಸುತ್ತದೆ. ವರ್ಣ ಶಬ್ದದ ತದ್ಭವವಾದ ಈ ಪದವು ಕಣ್ಣಿಗೆ ಕಾಣುವ ಕೆಂಪು ಹಸಿರುಗಳನ್ನೂ ಹೇಳುತ್ತದೆ, ಡಬ್ಬಿಯಲ್ಲಿ ತುಂಬಿ ಮಾರುವ ಲೇಪವನ್ನೂ ಹೇಳುತ್ತದೆ. ಮೊದಲನೆಯದು ಅಭಿರುಚಿಯ ವಿಷಯ, ಅದರಲ್ಲಿ ಹೊರಗಿನವರು ಬಾಯಿ ಹಾಕಬಾರದು. ಎರಡನೆಯದರಲ್ಲಿ ತಪ್ಪಿದರೆ, ಎಷ್ಟು ಚೆಲುವಾದ ನೀಲಿಯಾದರೂ ಒಂದೆರಡು ಮಳೆಗಾಲದಲ್ಲಿ ಹಕ್ಕಳೆಯಾಗಿ ಏಳುತ್ತದೆ. ಇಲ್ಲಿ ಹೇಳಹೊರಟಿರುವುದು ಈ ಎರಡನೆಯ ಬಣ್ಣವನ್ನು ಕುರಿತು.

ಯಾವ ಲೇಪದಲ್ಲಿಯೂ ಮುಖ್ಯವಾಗಿ ಮೂರು ಪದಾರ್ಥಗಳುಂಟು. ಕಣ್ಣಿಗೆ ಕಾಣುವ ವರ್ಣದ ಪುಡಿ, ಆ ಪುಡಿಯನ್ನು ಲೋಹಕ್ಕೆ ಕಚ್ಚಿ ಹಿಡಿಯುವ ಅಂಟು, ಎರಡನ್ನೂ ತೆಳುವಾಗಿಸುವ ದ್ರಾವಕ. ದ್ರಾವಕಕ್ಕೆ ಅಂಗಡಿಯಲ್ಲಿ ಥಿನ್ನರ್ ಎನ್ನುತ್ತಾರೆ. ಅದು ಗಾಳಿಗೆ ಹಾರಿಹೋಗುವ ಅತಿಥಿ. ಉಳಿದು ಬಾಳುವುದು ಅಂಟು. ಲೇಪದ ಕುಲಗೋತ್ರಗಳನ್ನು ನಿರ್ಣಯಿಸುವುದೂ ಅದೇ.

ಈ ಅಂಟು ಗಟ್ಟಿಯಾಗುವ ಬಗೆ ಎರಡು. ಬೆಲ್ಲದ ಪಾಕವನ್ನು ತಟ್ಟೆಗೆ ಸುರಿದರೆ ಆರಿ ಗಟ್ಟಿಯಾಗುತ್ತದೆ, ಆದರೆ ಮೇಲೆ ನೀರು ಬಿದ್ದರೆ ಮತ್ತೆ ಕರಗುತ್ತದೆ. ಹಾಲಿಗೆ ಹೆಪ್ಪು ಹಾಕಿದರೆ ಅದೂ ಗಟ್ಟಿಯಾಗುತ್ತದೆ. ಅದನ್ನು ಎಷ್ಟು ನೀರು ಬೆರೆಸಿ ಕಡೆದರೂ ಮಜ್ಜಿಗೆಯಾದೀತೇ ಹೊರತು ತಿರುಗಿ ಹಾಲಾಗದು. ಕಾರಿನ ಬಣ್ಣಗಳಲ್ಲಿಯೂ ಹೀಗೆಯೇ, ಪಾಕದ ಜಾತಿ ಒಂದು, ಹೆಪ್ಪಿನ ಜಾತಿ ಒಂದು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಪಾಕದ ಜಾತಿಯದು ಲ್ಯಾಕರ್. ಮೋಟಾರಿನ ಮೊದಲ ಕಾಲದಲ್ಲಿ ಕುದುರೆಗಾಡಿಗೆ ಬಳಿಯುತ್ತಿದ್ದಂತೆ ಎಣ್ಣೆಯ ವಾರ್ನಿಷನ್ನು ಕುಂಚದಿಂದ ಬಳಿದು, ಉಜ್ಜಿ, ಮತ್ತೆ ಬಳಿದು, ಒಂದು ಗಾಡಿಗೆ ವಾರಗಟ್ಟಲೆ ಕಾಯುತ್ತಿದ್ದರು. ಅಮೆರಿಕದ ಡ್ಯುಪಾಂಟ್ ಸಂಸ್ಥೆಯ 'ಡ್ಯೂಕೋ' ಎಂಬ ನೈಟ್ರೊಸೆಲ್ಯುಲೋಸ್ ಲ್ಯಾಕರ್ 1924ರ ಓಕ್‌ಲ್ಯಾಂಡ್ ಕಾರುಗಳ ಮೇಲೆ ಬಂದ ಮೇಲೆ ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಆ ಹೆಸರು ಎಷ್ಟು ಪ್ರಸಿದ್ಧವಾಯಿತೆಂದರೆ, ಯಂತ್ರದಿಂದ ಸಿಂಪಡಿಸಿದ ಹೊಳಪಿನ ಬಣ್ಣವನ್ನೆಲ್ಲ ಡ್ಯೂಕೋ ಎಂದೇ ಕರೆಯುವ ಕೆಲಸಗಾರರು ನಮ್ಮಲ್ಲಿ ಈಗಲೂ ಉಂಟು. ಲ್ಯಾಕರ್ ಎಂಬ ಮಾತಿನ ಬೇರು ನಮ್ಮ ಲಾಕ್ಷಾ, ಅಂದರೆ ಅರಗು. ಹೆಸರಿನಲ್ಲಿ ಅರಗಿದ್ದರೂ ಡ್ಯೂಕೋದ ಅಂಟು ಹತ್ತಿಯಂಥ ನಾರನ್ನು ಆಮ್ಲದಲ್ಲಿ ಪಕ್ವಮಾಡಿ ಪಡೆದದ್ದು, ಸಿಡಿಮದ್ದಿನ ದಾಯಾದಿ. ವಾರಣಾವತದ ಅರಗಿನ ಮನೆ ಎಷ್ಟು ಬೇಗ ಹೊತ್ತಿತೆಂಬುದನ್ನು ಬಲ್ಲ ನಾವು ಇದರ ಬಳಿ ಬೀಡಿ ಸೇದಬಾರದೆಂಬುದನ್ನು ಬೇರೆ ಕಲಿಯಬೇಕಾಗಿಲ್ಲ.

ಲ್ಯಾಕರಿನ ಗುಣವೆಂದರೆ ಬೇಗ ಆರುತ್ತದೆ, ಧೂಳು ಕೂರುವ ಮೊದಲೇ ಮೈ ಬಿಗಿಯುತ್ತದೆ, ಗೀಚಿದ ಕಡೆ ತೇಪೆ ಹಾಕುವುದು ಸುಲಭ. ದೋಷವೆಂದರೆ ಬಿಸಿಲಿಗೆ ಬೇಗ ಮಂಕಾಗುತ್ತದೆ, ಮೇಲೆ ಪೆಟ್ರೋಲು ಚೆಲ್ಲಿದರೆ ಮೆತ್ತಗಾಗುತ್ತದೆ. ನಮ್ಮ ಮಳೆಗಾಲದಲ್ಲಿ ಇನ್ನೊಂದು ತೊಂದರೆ ಇದೆ. ದ್ರಾವಕ ಬೇಗ ಹಾರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಹನಿಗಟ್ಟುತ್ತದೆ; ಕಪ್ಪು ಬಣ್ಣವೂ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಮಂಗಳೂರು, ಆಗುಂಬೆಗಳ ಕಡೆಯವರು ಆಷಾಢದಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದು ಒಳಿತು.

ಹೆಪ್ಪಿನ ಜಾತಿಯಲ್ಲಿ ಹಳೆಯದು ಎನಾಮೆಲು. ಇದರ ಅಂಟಿನಲ್ಲಿ ಎಣ್ಣೆಯ ಅಂಶವಿದ್ದು, ಅದು ಗಾಳಿಯ ಆಮ್ಲಜನಕವನ್ನು ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಬೆಲೆ ಅಗ್ಗ, ಉಜ್ಜದೆಯೇ ಹೊಳಪು ಬರುತ್ತದೆ. ಆದರೆ ಪೂರ್ತಿ ಗಟ್ಟಿಯಾಗಲು ವಾರಗಳೇ ಬೇಕು. ಲಾರಿ, ಟ್ರ್ಯಾಕ್ಟರುಗಳಿಗೆ ಇದು ಸಾಕು. ಹೊಸದು ಎರಡು ಡಬ್ಬಿಯ ಪಾಲಿಯುರಿಥೇನ್. ಒಂದು ಡಬ್ಬಿಯಲ್ಲಿ ಅಕ್ರಿಲಿಕ್ ರಾಳ, ಇನ್ನೊಂದರಲ್ಲಿ ಹಾರ್ಡನರ್ ಎಂಬ ಹೆಪ್ಪು. ಬೆರೆಸಿದ ಕೆಲವು ಗಂಟೆಗಳೊಳಗೆ ಬಳಸದಿದ್ದರೆ ಪಾತ್ರೆಯಲ್ಲಿಯೇ ಕಲ್ಲಾಗುತ್ತದೆ. ಬಿಸಿಲು, ಮಳೆ, ಪೆಟ್ರೋಲು ಮೂರನ್ನೂ ತಡೆಯುವ ಶಕ್ತಿ ಇದರದು. ಮಿನುಗುವ ಲೋಹವರ್ಣಗಳಿಗೆ ಕೆಳಗೆ ಬಣ್ಣದ ಪದರ, ಮೇಲೆ ಗಾಜಿನಂಥ ತಿಳಿಪದರ ಎಂದು ಎರಡು ಪದರ ಬೇಕು. ಸಾದಾ ಬಿಳಿಗೆ ಒಂದೇ ಸಾಕಾಗುತ್ತದೆ.

"ಕಾರ್ಖಾನೆಯ ಬಣ್ಣವನ್ನೇ ಹಾಕುತ್ತೇವೆ" ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಿರಬಹುದು. ಕಾರ್ಖಾನೆಯಲ್ಲಿ ಬರಿಯ ತಗಡಿನ ಮೈಯನ್ನು ಒಲೆಯೊಳಗೆ ಸುಮಾರು 140 ಡಿಗ್ರಿ ಶಾಖದಲ್ಲಿ ಬೇಯಿಸುತ್ತಾರೆ. ಗಾಲಿ, ತಂತಿ, ಆಸನಗಳಿರುವ ಕಾರನ್ನು ಹಾಗೆ ಬೇಯಿಸಿದರೆ ಉಳಿಯುವುದೇನು? ಆದ್ದರಿಂದಲೇ ಮರುಬಣ್ಣದ ಲೇಪಗಳನ್ನು ಬೇರೆಯಾಗಿ, ಬಯಲ ಗಾಳಿಯಲ್ಲಿಯೋ 60 ಡಿಗ್ರಿಯ ಆಸುಪಾಸಿನಲ್ಲಿಯೋ ಗಟ್ಟಿಯಾಗುವಂತೆ ಮಾಡಿರುತ್ತಾರೆ. ಛಾಯೆ ಒಂದೇ ಇರಬಹುದು, ಲೇಪ ಒಂದೇ ಅಲ್ಲ.

ಇನ್ನು ಆಯ್ಕೆ. ಅಂಗಡಿಗೆ ಹೋಗುವ ಮುಂಚೆ ಕಾರಿನ ಮೈಮೇಲೆ ಈಗ ಏನಿದೆ ಎಂದು ತಿಳಿಯಬೇಕು. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ನಿಮ್ಮಲ್ಲಿದ್ದರೆ ಅದು ಎರಡು ಮೂರು ಸಲ ಬಣ್ಣ ಕಂಡಿರುವುದು ಸಹಜ, ಯಾವಾಗ ಯಾರು ಏನು ಹಚ್ಚಿದರೋ! ಬಾಗಿಲ ಒಳಅಂಚಿನಂಥ ಮರೆಯಾದ ಜಾಗದಲ್ಲಿ ಲ್ಯಾಕರ್ ಥಿನ್ನರಿನಲ್ಲಿ ಅದ್ದಿದ ಬಿಳಿಬಟ್ಟೆಯಿಂದ ಉಜ್ಜಿ ನೋಡಿ. ಬಣ್ಣ ಕರಗಿ ಬಟ್ಟೆಗೆ ಹತ್ತಿದರೆ ಲ್ಯಾಕರ್. ಉಬ್ಬಿ ಸುಕ್ಕಾದರೆ ಎನಾಮೆಲು. ಏನೂ ಆಗದಿದ್ದರೆ ಕಾರ್ಖಾನೆಯದೋ ಪಾಲಿಯುರಿಥೇನೋ ಆಗಿರಬೇಕು. ಇದು ಏಕೆ ಬೇಕೆಂದರೆ, ಎನಾಮೆಲಿನ ಮೇಲೆ ಲ್ಯಾಕರ್ ಸಿಂಪಡಿಸಿದರೆ ಅದರ ತೀಕ್ಷ್ಣ ದ್ರಾವಕ ಕೆಳಗಿನದನ್ನು ಕೆಣಕಿ ಮೈಯೆಲ್ಲ ಸುಕ್ಕುಗಟ್ಟಿಸುತ್ತದೆ. ಕಾರ್ಖಾನೆಯಿಂದ ಬಂದ ಲೇಪವೆಲ್ಲ ಸೇರಿ ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸು. ಅದರ ಮೇಲೆ ಪದರದ ಮೇಲೆ ಪದರ ಏರಿಸಿದ್ದರೆ ಬಿರುಕು ತಪ್ಪಿದ್ದಲ್ಲ. ಅಂಥ ಕಾರಿಗೆ ತಗಡಿನವರೆಗೂ ಬಿಡಿಸಿ, ತುಕ್ಕು ತೆಗೆದು, ಎಪಾಕ್ಸಿ ಪ್ರೈಮರ್ ಹಚ್ಚಿಯೇ ಮುಂದುವರಿಯಬೇಕು. ಕೂಲಿಯ ಹೆಚ್ಚಿನ ಪಾಲು ಈ ಕಾಣದ ಕೆಲಸಕ್ಕೆ ಸಲ್ಲುತ್ತದೆ, ಸಲ್ಲಲಿ. ಬಿಡಿಸುವಾಗ ಒಣಗಿದ್ದಂತೆ ಉಜ್ಜಬಾರದು. ಹಳೆಯ ಬಣ್ಣಗಳಲ್ಲಿ ಸೀಸವಿರುವ ಸಂಭವವುಂಟು. ನೀರು ಹಾಕಿ ಉಜ್ಜಿಸಿ, ಮಕ್ಕಳನ್ನು ದೂರವಿಡಿ.

ದಿನವೂ ಬೀದಿಗಿಳಿದು ಬಿಸಿಲಲ್ಲಿ ನಿಲ್ಲುವ ಕಾರಿಗೆ ಪಾಲಿಯುರಿಥೇನೇ ಮೇಲು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಒಂದು ಷರತ್ತು. ಅದರ ಹಾರ್ಡನರಿನಲ್ಲಿ ಐಸೊಸಯನೇಟ್ ಎಂಬ ವಸ್ತುವಿದೆ. ಸಿಂಪಡಿಸುವಾಗ ಅದರ ಮಂಜು ಉಸಿರಿನೊಂದಿಗೆ ಒಳಹೊಕ್ಕು ಉಬ್ಬಸ ತರಬಲ್ಲದು. ಒಮ್ಮೆ ಮೈ ಅದಕ್ಕೆ ಮುನಿಯಿತೆಂದರೆ ಆಮೇಲೆ ಕಿಂಚಿತ್ತು ಸೋಕಿದರೂ ಉಸಿರು ಕಟ್ಟುತ್ತದೆ, ಆ ಮನುಷ್ಯ ಕಲಿತ ಕಸುಬನ್ನೇ ಬಿಡಬೇಕಾಗುತ್ತದೆ. ಕೇಡು ತಟ್ಟುವಷ್ಟಿದ್ದರೂ ವಾಸನೆಯಿಂದ ಗೊತ್ತಾಗುವುದಿಲ್ಲ. ಮೂಗಿಗೆ ಕಟ್ಟಿದ ಕರವಸ್ತ್ರ ಇದನ್ನು ತಡೆಯದು. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಿಂದ ಒದಗಿಸುವ ಮುಖವಾಡ, ಗಾಳಿಯನ್ನು ಸೆಳೆದು ಹೊರಹಾಕುವ ಕೋಣೆ, ಇವೆರಡೂ ಬೇಕು. ನಮ್ಮ ಊರುಗಳಲ್ಲಿ ರಸ್ತೆ ಬದಿಯ ತಗಡಿನ ಮಾಡಿನಡಿ ಇಪ್ಪತ್ತು ವರ್ಷದ ಹುಡುಗ ಬರಿಮುಖದಲ್ಲಿ ಈ ಕೆಲಸ ಮಾಡುವುದನ್ನು ನೋಡಿಯೂ ನೋಡದಂತೆ ಹೋಗುತ್ತೇವೆ. ಬೆಲೆ ವಿಚಾರಿಸುವಾಗಲೇ ಮುಖವಾಡ ಎಲ್ಲಿ ಎಂದು ಕೇಳಿ. ಇಲ್ಲವೆಂದರೆ ಬೇರೆ ಕಾರ್ಯಾಗಾರ ಹುಡುಕಿ. ಅದೂ ಸಿಕ್ಕದಿದ್ದರೆ ಎನಾಮೆಲಿಗೆ ತೃಪ್ತರಾಗಿ. ಹೊಳಪು ಬೇಗ ಮಾಸಿದರೂ ಚಿಂತೆಯಿಲ್ಲ. ಎನಾಮೆಲು ಬೇಗ ಗಟ್ಟಿಯಾಗಲೆಂದು ಅದಕ್ಕೂ ಇದೇ ಬಗೆಯ ಹಾರ್ಡನರ್ ಸೇರಿಸುವ ವಾಡಿಕೆಯುಂಟು. ಹಾಗೆ ಸೇರಿಸಬಾರದೆಂದು ಮೊದಲೇ ಹೇಳಿಬಿಡಿ.

ಲ್ಯಾಕರನ್ನು ಆರಿಸಬೇಕಾದವರು ಒಬ್ಬರೇ: ಮೂಲ ಲ್ಯಾಕರ್ ಇನ್ನೂ ಉಳಿದಿರುವ ಹಳೆಯ ಕಾರನ್ನು ಸೂರಿನಡಿ ಜೋಪಾನವಾಗಿಟ್ಟು ಹಬ್ಬಕ್ಕೊಮ್ಮೆ ಹೊರತೆಗೆಯುವವರು.

ಹೊಸ ಬಣ್ಣಕ್ಕೆ ಕೂಡಲೆ ಮೇಣ ತಿಕ್ಕಬೇಡಿ, ಒಳಗುಳಿದ ದ್ರಾವಕ ಹೊರಹೋಗಲು ಕೆಲವು ವಾರ ಬಿಡಿ. ಬಿಳಿಯೋ ನೀಲಿಯೋ ಎಂಬ ಮೊದಲ ಜಗಳದಲ್ಲಿ ಹೊಸ ವರ್ಣವೇ ಗೆದ್ದಿದ್ದರೆ, ನೋಂದಣಿ ಪತ್ರದಲ್ಲಿ ಬರೆದಿರುವ ವರ್ಣವನ್ನೂ ಸಾರಿಗೆ ಕಚೇರಿಯಲ್ಲಿ ತಿದ್ದಿಸಿಕೊಳ್ಳಬೇಕು. ಹಳೆಯ ವರ್ಣವನ್ನೇ ಉಳಿಸಿಕೊಂಡವರಿಗೆ ಆ ಓಡಾಟವಿಲ್ಲ.