ಎಂಟರ್ ಮಾತ್ರ ನಾನೇ ಒತ್ತುತ್ತೇನೆ

ಶಿರಸಿ ಸೀಮೆಯ ಮಳೆಗಾಲದಲ್ಲಿ ಮನೆಯಿಂದ ಕೆಲಸ ಮಾಡುವವರು ನೆಟ್‌ವರ್ಕ್ ನಂಬಿ ಕೂರುವಂತಿಲ್ಲ. ಎಲ್ಲೋ ಒಂದು ಮರ ತಂತಿಯ ಮೇಲೆ ಬೀಳುತ್ತದೆ, ಕರೆಂಟು ಹೋಗುತ್ತದೆ, ಟವರಿನ ಬ್ಯಾಟರಿ ಮುಗಿದ ಮೇಲೆ ಫೋನಿನ ಸಿಗ್ನಲ್ಲೂ ಹೋಗುತ್ತದೆ. ನನ್ನದು ಸಿಸ್ಟಂ ಅಡ್ಮಿನ್ ಕೆಲಸ. ನಾನು ನೋಡಿಕೊಳ್ಳುವ ಸರ್ವರುಗಳು ಇರುವುದು ಮುಂಬೈಯಲ್ಲಿ. ಅವಕ್ಕೆ ಪರದೆ ಇಲ್ಲ, ಮೌಸ್ ಇಲ್ಲ. ಲ್ಯಾಪ್‌ಟಾಪಿನ ಕಪ್ಪು ಕಿಟಕಿಯಲ್ಲಿ ಕಮಾಂಡ್ ಟೈಪ್ ಮಾಡಿಯೇ ಅವುಗಳ ಜೊತೆ ವ್ಯವಹಾರ. ನೀವು ಬಸ್ ಟಿಕೆಟ್ ಕಾದಿರಿಸುವಾಗ, ಕರೆಂಟ್ ಬಿಲ್ ಕಟ್ಟುವಾಗ ಆಚೆ ತುದಿಯಲ್ಲಿ ಉತ್ತರ ಕೊಡುವ ಯಂತ್ರಗಳೂ ಹೆಚ್ಚುಕಡಿಮೆ ಇದೇ ಜಾತಿಯವು. ಆ ಕಪ್ಪು ಕಿಟಕಿಯ ಹೆಸರು ಟರ್ಮಿನಲ್.

ಟರ್ಮಿನಲ್‌ಗೆ ಒಂದು ದೊಡ್ಡ ಕೊರತೆ ಇದೆ. ನಡುವೆ ಸಂಪರ್ಕ ಕಡಿದರೆ, ಆ ಸಂಪರ್ಕದ ಮೇಲೆ ಶುರು ಮಾಡಿದ ಕೆಲಸಗಳಿಗೆ ‘ಹ್ಯಾಂಗಪ್’ ಎಂಬ ಸೂಚನೆ ಹೋಗುತ್ತದೆ. ಬೇರೆ ಏರ್ಪಾಡು ಮಾಡಿರದಿದ್ದರೆ ಅವು ಅಲ್ಲಿಗೇ ನಿಂತುಹೋಗುತ್ತವೆ. ಎರಡು ತಾಸಿನಿಂದ ನಡೆಯುತ್ತಿದ್ದ ಬ್ಯಾಕಪ್ಪು ಇನ್ನೇನು ಮುಗಿಯಿತು ಎನ್ನುವಾಗ ಸತ್ತರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಈ ಕೊರತೆಯನ್ನು ನೀಗಿಸುವ ತಂತ್ರಾಂಶಕ್ಕೆ ಟರ್ಮಿನಲ್ ಮಲ್ಟಿಪ್ಲೆಕ್ಸರ್ ಎನ್ನುತ್ತಾರೆ. ಅದು ಸರ್ವರಿನಲ್ಲೇ ಕೂತಿರುತ್ತದೆ. ನನ್ನ ಕೆಲಸಗಳು ಮಾತಾಡುವುದು ಅದರ ಜೊತೆ, ನನ್ನ ಮನೆಯ ಲೈನಿನ ಜೊತೆಗಲ್ಲ. ಲೈನ್ ಹೋದರೂ ಬ್ಯಾಕಪ್ ನಡೆಯುತ್ತಲೇ ಇರುತ್ತದೆ. ಸಿಗ್ನಲ್ ಬಂದ ಮೇಲೆ ಮತ್ತೆ ಲಾಗಿನ್ ಆಗಿ ಒಂದು ಕಮಾಂಡ್ ಕೊಟ್ಟರೆ, ಬಿಟ್ಟಿದ್ದ ಪರದೆ ಬಿಟ್ಟಿದ್ದ ಹಾಗೇ ಕಣ್ಣೆದುರಿಗೆ ಬರುತ್ತದೆ. ಸರ್ವರೇ ರೀಸ್ಟಾರ್ಟ್ ಆದರೆ ಮಾತ್ರ ಉಳಿಯುವುದಿಲ್ಲ.

ಇದರಲ್ಲಿ ಹಳೆಯದು ಗ್ನೂ ಸ್ಕ್ರೀನ್. 1987ರಲ್ಲಿ ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಒಲಿವರ್ ಲೌಮನ್ ಮತ್ತು ಕಾರ್ಸ್ಟೆನ್ ಬೋರ್ಮನ್ ಬರೆದದ್ದು. ಇಪ್ಪತ್ತು ವರ್ಷದ ಬಳಿಕ, 2007ರಲ್ಲಿ ನಿಕೋಲಸ್ ಮ್ಯಾರಿಯಟ್ ಟಿಮಕ್ಸ್ ಬರೆದರು. 2009ರಲ್ಲಿ ಅದು ಓಪನ್‌ಬಿಎಸ್‌ಡಿ ವ್ಯವಸ್ಥೆಯ ಮೂಲ ಭಾಗವೇ ಆಯಿತು. ಎರಡೂ ಉಚಿತ. ನಾನು ದಿನವಿಡೀ ಇರುವುದು ಟಿಮಕ್ಸಿನಲ್ಲಿ, ಆದ್ದರಿಂದ ಮುಂದಿನ ಮಾತೆಲ್ಲ ಅದರದ್ದೇ.

ಟಿಮಕ್ಸ್ ಒಂದೇ ಟರ್ಮಿನಲ್ಲನ್ನು ಹಲವು ವಿಂಡೋ ಮಾಡಿ ಕೊಡುತ್ತದೆ. ಒಂದು ವಿಂಡೋವನ್ನು ಅಡ್ಡ-ಉದ್ದ ಸೀಳಿ ‘ಪೇನ್’ ಎಂಬ ಹೋಳುಗಳನ್ನೂ ಮಾಡಬಹುದು. ಒಂದರಲ್ಲಿ ಲಾಗ್ ಓಡುತ್ತಿರುತ್ತದೆ, ಪಕ್ಕದ್ದರಲ್ಲಿ ನಾನು ಫೈಲ್ ತಿದ್ದುತ್ತಿರುತ್ತೇನೆ. ಇದಕ್ಕೆಲ್ಲ ಮೌಸ್ ಬೇಡ, ಕೀಲಿಮಣೆಯೇ ಸಾಕು. ಆದರೆ ನಾನು ಒತ್ತಿದ ಕೀ ಸರ್ವರಿಗೆ ಹೋಗಬೇಕಾದದ್ದೋ, ಟಿಮಕ್ಸಿಗೇ ಹೇಳಿದ್ದೋ ಎಂದು ಅದಕ್ಕೆ ಗೊತ್ತಾಗುವುದು ಹೇಗೆ? ಅದಕ್ಕಾಗಿ ಮೊದಲು ಒಂದು ಮುನ್ಸೂಚನೆ ಕೊಡಬೇಕು. ಅದಕ್ಕೆ ಪ್ರಿಫಿಕ್ಸ್ ಎಂದು ಹೆಸರು. ಕಂಟ್ರೋಲ್ ಹಿಡಿದು ಬಿ ಒತ್ತಿ, ಎರಡನ್ನೂ ಬಿಟ್ಟು, ಆಮೇಲೆ ಸಿ ಒತ್ತಿದರೆ ಹೊಸ ವಿಂಡೋ. ಅದೇ ರೀತಿ ಡಿ ಒತ್ತಿದರೆ ಡಿಟ್ಯಾಚ್, ಅಂದರೆ ಎಲ್ಲವನ್ನೂ ನಡೆಯಲು ಬಿಟ್ಟು ಹೊರಗೆ ಬರುವುದು.

ಈ ‘ಬಿ’ ಎಲ್ಲಿಂದ ಬಂತು ಎಂದರೆ, ಟಿಮಕ್ಸನ್ನು ಬರೆಯುತ್ತಿದ್ದ ಕಾಲಕ್ಕೆ ಅದನ್ನು ಸ್ಕ್ರೀನಿನ ಒಳಗೇ ನಡೆಸಲಾಗುತ್ತಿತ್ತು, ಸ್ಕ್ರೀನ್ ಆಗಲೇ ಕಂಟ್ರೋಲ್-ಎ ಹಿಡಿದುಕೊಂಡಿತ್ತು. ಬರೆದವರ ಅನುಕೂಲಕ್ಕೆ ಅದು ಸರಿಯೇ. ನನ್ನ ಕೈಗೆ ಮಾತ್ರ ಸರಿಬರಲಿಲ್ಲ. ಎಡಗೈಯ ಕಿರುಬೆರಳು ಕೆಳಮೂಲೆಯ ಕಂಟ್ರೋಲ್ ಮೇಲಿರುವಾಗ ತೋರುಬೆರಳು ನಡುವಿನ ಬಿ ಮುಟ್ಟಬೇಕು. ಒಂದೆರಡು ಸಲವಾದರೆ ಏನೂ ಅನಿಸದು. ಬೆಳಗಿನಿಂದ ಸಂಜೆವರೆಗೆ ಅದನ್ನೇ ಮಾಡಿದರೆ ಮಣಿಕಟ್ಟು ಹಿಡಿದುಕೊಳ್ಳುತ್ತದೆ.

ಪರಿಹಾರ ಮೂರು ಸಾಲಿನದ್ದು. ಹೋಮ್ ಫೋಲ್ಡರಿನಲ್ಲಿ ಡಾಟ್ ಟಿಮಕ್ಸ್ ಡಾಟ್ ಕಾನ್ಫ್ ಎಂಬ ಫೈಲ್ ಇಟ್ಟು, ಮೊದಲ ಸಾಲಿನಲ್ಲಿ ಪ್ರಿಫಿಕ್ಸ್ ಕಂಟ್ರೋಲ್-ಎ ಎಂದು ಬರೆಯಬೇಕು, ಎರಡನೆಯದರಲ್ಲಿ ಕಂಟ್ರೋಲ್-ಬಿಯನ್ನು ಬಿಡುಗಡೆ ಮಾಡಬೇಕು. ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಕಮಾಂಡ್ ಟೈಪ್ ಮಾಡುವಾಗ ಕಂಟ್ರೋಲ್-ಎ ಒತ್ತಿದರೆ ಕರ್ಸರ್ ಸಾಲಿನ ಮೊದಲಿಗೆ ಹೋಗುವುದು ರೂಢಿ. ಆ ಅನುಕೂಲ ಕಳೆದುಹೋಗಬಾರದೆಂದರೆ, ಎರಡು ಸಲ ಒತ್ತಿದಾಗ ಎರಡನೆಯದನ್ನು ಮುಂದಕ್ಕೆ ಕಳಿಸು ಎಂದು ಮೂರನೆಯ ಸಾಲಿನಲ್ಲಿ ಹೇಳಬೇಕು. ಜೊತೆಗೆ ನಾನು ಕ್ಯಾಪ್ಸ್ ಲಾಕ್ ಕೀಯನ್ನೇ ಕಂಟ್ರೋಲ್ ಮಾಡಿಕೊಂಡಿದ್ದೇನೆ. ಇದು ಹೊಸ ಚಮತ್ಕಾರವೇನಲ್ಲ. 1970ರ ದಶಕದ ಎಡಿಎಂ-3ಎ ಎಂಬ ಟರ್ಮಿನಲ್ ಯಂತ್ರದಲ್ಲಿ ಕಂಟ್ರೋಲ್ ಇದ್ದದ್ದೇ ಅಲ್ಲಿ, ಎ ಅಕ್ಷರದ ಪಕ್ಕದಲ್ಲಿ. 1980ರ ದಶಕದ ನಡುವೆ ಐಬಿಎಂ 101 ಕೀಗಳ ಕೀಬೋರ್ಡ್ ತಂದಾಗ ಆ ಜಾಗ ಕ್ಯಾಪ್ಸ್ ಲಾಕ್ ಪಾಲಾಯಿತು, ಮಿಕ್ಕವರೂ ಅದನ್ನೇ ಅನುಸರಿಸಿದರು.

ಕೀಗಳನ್ನು ಕಟ್ಟುವಾಗ ಒಂದು ಮಿತಿ ತಿಳಿದಿರಬೇಕು. ಕಂಟ್ರೋಲ್ ಜೊತೆಗೆ ಅಕ್ಷರ ಒತ್ತಿದಾಗ ಸರ್ವರಿಗೆ ಹೋಗುವುದು ಒಂದು ಸಂಖ್ಯೆ ಮಾತ್ರ. ಎಗೆ 1, ಬಿಗೆ 2, ಹೀಗೆ ಅಕ್ಷರಮಾಲೆಯ ಕ್ರಮದಲ್ಲೇ ಸಾಗುತ್ತದೆ. ಆ ಲೆಕ್ಕದಲ್ಲಿ ಐ ಒಂಬತ್ತನೆಯದು. ಟ್ಯಾಬ್ ಕೀ ಕಳಿಸುವುದೂ 9. ಎಂ ಹದಿಮೂರನೆಯದು, ಎಂಟರ್ ಕೀ ಕಳಿಸುವುದೂ 13. ಸಾಮಾನ್ಯ ಟರ್ಮಿನಲ್ಲಿಗೆ ಇವುಗಳ ಭೇದ ಗೊತ್ತಾಗುವುದಿಲ್ಲ. ಹಾಗಾಗಿ ಕಂಟ್ರೋಲ್-ಐಗೆ ಏನಾದರೂ ಕಟ್ಟಿದರೆ ಟ್ಯಾಬ್ ಕೀ ಕೆಡುತ್ತದೆ.

ನಮ್ಮ ತಂಡಕ್ಕೆ ಹೊಸದಾಗಿ ಸೇರಿದ ಹಾವೇರಿ ಕಡೆಯ ಹುಡುಗಿ ನನ್ನ ಪರದೆ ನೋಡುತ್ತ ಕೇಳಿದಳು: “ಅಕ್ಕಾ, ಇಷ್ಟೆಲ್ಲ ಕೀ ನೆನಪಿಟ್ಕೊಳ್ಳೋದು ಹ್ಯಾಂಗ್ರಿ?”

“ನೆನಪಿಟ್ಟುಕೊಳ್ಳಬೇಡ. ಯಾವುದನ್ನು ದಿನಾ ಮಾಡ್ತೀಯೋ ಅದಕ್ಕಷ್ಟೇ ಕೀ ಮಾಡ್ಕೋ,” ಎಂದೆ.

ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ. ಬೇರೆಯವರು ಸಿದ್ಧಮಾಡಿಟ್ಟ ಉದ್ದುದ್ದದ ಫೈಲುಗಳು ಬೇಕಾದಷ್ಟು ಸಿಗುತ್ತವೆ. ಅವನ್ನು ತಂದು ಸುರಿದುಕೊಂಡರೆ ಪರದೆಗೆ ಬಣ್ಣ ಬರುತ್ತದೆ, ಕೈಗೆ ಏನೂ ಬರುವುದಿಲ್ಲ. ಒಂದು ವಾರ ಇದ್ದದ್ದರಲ್ಲೇ ಕೆಲಸ ಮಾಡಿ, ಪದೇ ಪದೇ ಟೈಪ್ ಮಾಡುವ ಸಾಲು ಯಾವುದು ಎಂದು ಒಂದು ಚೀಟಿಯಲ್ಲಿ ಗುರುತು ಹಾಕಿಕೊಂಡರೆ, ಕೀ ಯಾವುದಕ್ಕೆ ಬೇಕು ಎನ್ನುವುದು ತಾನಾಗಿ ತಿಳಿಯುತ್ತದೆ. ಒಗ್ಗರಣೆ ಹಾಕುವವಳ ಸಾಸಿವೆ ಡಬ್ಬಿ ಎಲ್ಲಿರಬೇಕೆಂದು ಅವಳ ಕೈ ಹೇಳಬೇಕೇ ಹೊರತು ಪಕ್ಕದ ಮನೆಯವರಲ್ಲ.

ಆ ಹುಡುಗಿಗೆ ನಾನು ಮೊದಲು ಬರೆಸಿದ್ದು ಪ್ರಿಫಿಕ್ಸ್ ನಂತರ ಆರ್ ಒತ್ತಿದರೆ ಫೈಲನ್ನು ಮತ್ತೆ ಓದು ಎಂಬ ಸಾಲು. ಇದಿದ್ದರೆ ಫೈಲಿಗೆ ಸೇರಿಸಿದ್ದನ್ನು ಆ ಕ್ಷಣವೇ ಪರೀಕ್ಷಿಸಬಹುದು. ಆದರೆ ಫೈಲಿನಿಂದ ಒಂದು ಸಾಲು ಅಳಿಸಿ ಮತ್ತೆ ಓದಿಸಿದರೆ ಆ ಕೀ ಹೋಗುವುದಿಲ್ಲ. ನಡೆಯುತ್ತಿರುವ ಟಿಮಕ್ಸಿನ ನೆನಪಿನಲ್ಲಿ ಅದು ಉಳಿದೇ ಇರುತ್ತದೆ, ಅನ್‌ಬೈಂಡ್ ಎಂದು ಬರೆದೇ ತೆಗೆಯಬೇಕು. ಆಮೇಲೆ ಸೀಳುವ ಕೀಗಳು. ಮೂಲದಲ್ಲಿ ಅದಕ್ಕೆ ಶೇಕಡಾ ಚಿಹ್ನೆ ಮತ್ತು ಉದ್ಧರಣ ಚಿಹ್ನೆ ಇವೆ. ಯಾವುದು ಯಾವ ಕಡೆ ಸೀಳುತ್ತದೆ ಎಂದು ನೋಡಿದರೆ ತಿಳಿಯುವಂತಿಲ್ಲ. ಅದರ ಬದಲು ನಿಂತ ಗೆರೆಯ ಕೀ ಒತ್ತಿದರೆ ಪಕ್ಕಪಕ್ಕ, ಮಲಗಿದ ಗೆರೆಯ ಕೀ ಒತ್ತಿದರೆ ಮೇಲೆ-ಕೆಳಗೆ ಎಂದು ಕಟ್ಟಿದೆವು. ಒಂದು ಪೇನಿನಿಂದ ಇನ್ನೊಂದಕ್ಕೆ ಹೋಗಲು ಎಚ್, ಜೆ, ಕೆ, ಎಲ್. ವಿಐ ಎಡಿಟರ್ ಬಳಸುವವರ ಬೆರಳಿಗೆ ಇವು ಆಗಲೇ ಗೊತ್ತು. ಅದೇ ಎಡಿಎಂ-3ಎ ಕೀಬೋರ್ಡಿನಲ್ಲಿ ಬಾಣದ ಗುರುತುಗಳನ್ನು ಈ ನಾಲ್ಕು ಅಕ್ಷರಗಳ ಮೇಲೆಯೇ ಮುದ್ರಿಸಿದ್ದರು.

ಇಲ್ಲಿಯವರೆಗಿನದು ಒಂದು ಕೀಗೆ ಒಂದು ಕೆಲಸ. ಒಂದು ಕೀಗೆ ಕೆಲಸಗಳ ಸರಣಿಯನ್ನೇ ಕಟ್ಟಿದರೆ ಅದು ಮ್ಯಾಕ್ರೊ. ಟಿಮಕ್ಸಿನಲ್ಲಿ ಕಮಾಂಡುಗಳ ನಡುವೆ ಅರ್ಧವಿರಾಮ ಹಾಕಿ ಒಂದೇ ಕೀಗೆ ಪೋಣಿಸಬಹುದು. ಅದರ ಜೊತೆಗೆ ‘ಸೆಂಡ್-ಕೀಸ್’ ಎಂಬ ಕಮಾಂಡ್ ಇದೆ. ಅದಕ್ಕೆ ಕೊಟ್ಟ ಅಕ್ಷರಗಳನ್ನು ನಾವೇ ಟೈಪ್ ಮಾಡಿದೆವೋ ಎಂಬಂತೆ ಪೇನಿಗೆ ಹಾಕುತ್ತದೆ. ನಾನು ಬೆಳಿಗ್ಗೆ ಪ್ರಿಫಿಕ್ಸ್ ಮತ್ತು ದೊಡ್ಡ ಎಂ ಒತ್ತುತ್ತೇನೆ. ಹೊಸ ವಿಂಡೋ ತೆರೆಯುತ್ತದೆ, ನಾಲ್ಕು ಹೋಳಾಗುತ್ತದೆ, ಪ್ರತಿ ಹೋಳಿನಿಂದಲೂ ಒಂದೊಂದು ಸರ್ವರಿಗೆ ಲಾಗಿನ್ ಆಗಿ ರಾತ್ರಿಯ ಲಾಗಿನ ಕೊನೆಯ ಸಾಲುಗಳು ಕಾಣುತ್ತವೆ. ನಾನು ಚಹದ ಲೋಟ ಕೆಳಗಿಡುವಷ್ಟರಲ್ಲಿ ರಾತ್ರಿ ಏನಾಯಿತು ಎಂದು ಗೊತ್ತಾಗಿರುತ್ತದೆ.

ಅಪಾಯ ಬರುವುದೂ ಇಲ್ಲಿಂದಲೇ. ಸೆಂಡ್-ಕೀಸ್ ಸಾಲಿನ ಕೊನೆಗೆ ಎಂಟರ್ ಎಂದು ಸೇರಿಸಿದರೆ ಕಮಾಂಡ್ ಟೈಪ್ ಆಗುವುದಷ್ಟೇ ಅಲ್ಲ, ನಡೆದೂ ಬಿಡುತ್ತದೆ. ಲಾಗ್ ನೋಡುವುದಕ್ಕೆ ಅದು ಸರಿ. ಒಂದು ಸೇವೆಯನ್ನು ನಿಲ್ಲಿಸುವ, ಹಳೆಯ ಫೈಲುಗಳನ್ನು ಅಳಿಸುವ ಕಮಾಂಡುಗಳಿಗೆ ಅದು ಸಲ್ಲದು. ಮ್ಯಾಕ್ರೊಗೆ ಕಣ್ಣಿಲ್ಲ. ತಾನು ಯಾವ ಸರ್ವರಿನ ಪೇನಿನಲ್ಲಿ ಟೈಪ್ ಮಾಡುತ್ತಿದ್ದೇನೆ, ಅಲ್ಲಿ ಎಡಿಟರ್ ತೆರೆದಿದೆಯೋ, ಯಾವುದೋ ಪ್ರಶ್ನೆ ಉತ್ತರಕ್ಕೆ ಕಾಯುತ್ತಿದೆಯೋ, ಒಂದೂ ಅದಕ್ಕೆ ತಿಳಿಯದು. ಆದ್ದರಿಂದ ನಮ್ಮ ತಂಡದಲ್ಲಿ ಒಂದು ನಿಯಮ ಮಾಡಿಕೊಂಡಿದ್ದೇವೆ. ಏನನ್ನಾದರೂ ಬದಲಿಸುವ ಮ್ಯಾಕ್ರೊ ಕೊನೆಯ ಎಂಟರ್ ಒತ್ತುವಂತಿಲ್ಲ. ಅದು ಇಡೀ ಸಾಲನ್ನು ಬರೆದು ನಿಲ್ಲಬೇಕು. ಮನುಷ್ಯರು ಓದಿ, ಸರ್ವರಿನ ಹೆಸರು ನೋಡಿ, ಆಮೇಲೆ ಒತ್ತಬೇಕು. ಉಳಿತಾಯವಾಗಬೇಕಾದದ್ದು ಬೆರಳಿನ ಶ್ರಮ. ಓದುವ ಅರ್ಧ ಕ್ಷಣವನ್ನು ಉಳಿಸಲು ಹೋಗಬಾರದು. ಟಿಮಕ್ಸಿನ ಸ್ವಂತ ಕೆಲಸಗಳಾದ ವಿಂಡೋ ಮುಚ್ಚುವುದು, ಸೆಷನ್ (ತೆರೆದ ವಿಂಡೋಗಳ ಇಡೀ ಗುಂಪು) ಕೊಲ್ಲುವುದು ಇತ್ಯಾದಿಗೆ ‘ಕನ್ಫರ್ಮ್-ಬಿಫೋರ್’ ಇದೆ. ಅದನ್ನು ಮುಂದೆ ಸೇರಿಸಿದರೆ ಹೌದೋ ಅಲ್ಲವೋ ಎಂದು ಕೇಳಿಯೇ ಮುಂದುವರಿಯುತ್ತದೆ.

‘ಸಿಂಕ್ರೊನೈಜ್-ಪೇನ್ಸ್’ ಎಂಬುದು ಇನ್ನೂ ಬಲವಾದ ಆಯುಧ. ಅದನ್ನು ಚಾಲೂ ಮಾಡಿದರೆ ಒಂದು ಪೇನಿನಲ್ಲಿ ಟೈಪ್ ಮಾಡಿದ್ದು ಆ ವಿಂಡೋದ ಎಲ್ಲ ಪೇನುಗಳಿಗೂ ಹೋಗುತ್ತದೆ. ನಾಲ್ಕು ಸರ್ವರುಗಳಲ್ಲಿ ಡಿಸ್ಕ್ ಎಷ್ಟು ತುಂಬಿದೆ ಎಂದು ಒಂದೇ ಸಲ ನೋಡಬಹುದು, ನಾಲ್ಕನ್ನೂ ಒಂದೇ ಸಲ ಹಾಳುಮಾಡಲೂಬಹುದು. ನಾನು ಇದನ್ನು ಒಂದು ಕೀಗೆ ಕಟ್ಟಿದ್ದೇನೆ. ಚಾಲೂ ಇದ್ದಷ್ಟು ಹೊತ್ತೂ ಕೆಳಗಿನ ಪಟ್ಟಿಯಲ್ಲಿ ಕೆಂಪು ಹಿನ್ನೆಲೆಯ ಮೇಲೆ ‘ಗಮನ’ ಎಂದು ಕನ್ನಡದಲ್ಲೇ ಕಾಣುವಂತೆ ಮಾಡಿಕೊಂಡಿದ್ದೇನೆ.

‘ಎಚ್ಚರಿಕೆ’ ಎಂದು ಹಾಕದೆ ‘ಗಮನ’ ಎಂದು ಹಾಕಿದ್ದಕ್ಕೆ ಕಾರಣ ಇದೆ. ಟರ್ಮಿನಲ್ ಪರದೆ ಸಮಾನ ಅಳತೆಯ ಮನೆಗಳಾಗಿ ಭಾಗವಾಗಿರುತ್ತದೆ. 1978ರ ವಿಟಿ100 ಟರ್ಮಿನಲ್ಲಿನಲ್ಲಿ ಸಾಲಿಗೆ 80 ಮನೆ, ಒಟ್ಟು 24 ಸಾಲು. ಇವತ್ತಿನ ಟರ್ಮಿನಲ್ ಕಿಟಕಿಗಳು ಈಗಲೂ ಅದೇ ಅಳತೆಯಲ್ಲಿ ತೆರೆಯುವುದುಂಟು. ಒಂದು ಅಕ್ಷರಕ್ಕೆ ಒಂದು ಮನೆ ಎಂಬ ಲೆಕ್ಕ ಇಂಗ್ಲಿಷಿಗೆ ಹೊಂದುತ್ತದೆ. ಒತ್ತಕ್ಷರ, ಗುಣಿತಾಕ್ಷರಗಳಿರುವ ಕನ್ನಡಕ್ಕೆ ಹೊಂದುವುದಿಲ್ಲ. ಬಹಳ ಟರ್ಮಿನಲ್ಲುಗಳಲ್ಲಿ ಒತ್ತು ಪಕ್ಕಕ್ಕೆ ಸರಿಯುತ್ತದೆ, ದೀರ್ಘ ಕಳಚಿಕೊಳ್ಳುತ್ತದೆ, ಮುಂದಿನ ಅಕ್ಷರ ಮೈಮೇಲೆ ಬರುತ್ತದೆ. ‘ಗಮನ’ದಲ್ಲಿ ಒತ್ತೂ ಇಲ್ಲ, ಗುಣಿತವೂ ಇಲ್ಲ. ಎಲ್ಲಿಯೂ ಮುರಿಯದೆ ಕಾಣುತ್ತದೆ.

ಕನ್ನಡ ಟೈಪ್ ಮಾಡುವವರಿಗೆ ಇನ್ನೊಂದು ತೊಡಕಿದೆ. ಲಿನಕ್ಸಿನಲ್ಲಿ ಕಗಪ ವಿನ್ಯಾಸದಲ್ಲಿ ಕನ್ನಡ ಬರೆಯುತ್ತಿದ್ದವರು ಹಾಗೇ ಟರ್ಮಿನಲ್ಲಿಗೆ ಬಂದು ಪ್ರಿಫಿಕ್ಸ್ ಕೊಟ್ಟು ಡಿ ಒತ್ತಿದರೆ ಏನೂ ಆಗುವುದಿಲ್ಲ. ಟಿಮಕ್ಸಿಗೆ ತಲುಪಿದ್ದು ‘ದ’. ಅದಕ್ಕೆ ಯಾವ ಕೆಲಸವನ್ನೂ ಕಟ್ಟಿರುವುದಿಲ್ಲ. ಆದರೆ ಟಿಮಕ್ಸ್ ಯೂನಿಕೋಡ್ ಅಕ್ಷರವನ್ನೂ ಕೀ ಎಂದು ಒಪ್ಪುತ್ತದೆ. ‘ದ’ಗೆ ಡಿಟ್ಯಾಚ್, ‘ಚ’ಗೆ ಹೊಸ ವಿಂಡೋ, ‘ನ’ಗೆ ಮುಂದಿನ ವಿಂಡೋ ಎಂದು ಫೈಲಿನಲ್ಲಿ ಕನ್ನಡ ಅಕ್ಷರವನ್ನೇ ಬರೆದು ಕಟ್ಟಿಬಿಟ್ಟರೆ ಭಾಷೆ ಬದಲಿಸುವ ಗೋಜಿಲ್ಲ. ಇನ್‌ಸ್ಕ್ರಿಪ್ಟ್ ವಿನ್ಯಾಸದವರು ತಮ್ಮ ಕೀಲಿಮಣೆಯಲ್ಲಿ ಸಿ ಜಾಗದಲ್ಲಿರುವ ‘ಮ’ಗೆ ಹೊಸ ವಿಂಡೋ ಕಟ್ಟಬೇಕು. ಕನ್ನಡದಲ್ಲಿ ದಾಖಲೆ ಬರೆಯುತ್ತಲೇ ಸರ್ವರ್ ನೋಡಿಕೊಳ್ಳುವ ನನ್ನಂಥವರಿಗೆ ಇದು ದೊಡ್ಡ ಉಪಕಾರ. ಇನ್ನೂ ಒಂದಿದೆ. ಬೈಂಡ್ ಕಮಾಂಡಿಗೆ ದೊಡ್ಡ ಎನ್ ಎಂಬ ಆಯ್ಕೆ ಕೊಟ್ಟರೆ ಪ್ರತಿ ಕೀಗೂ ಒಂದು ಟಿಪ್ಪಣಿ ಬರೆದಿಡಬಹುದು. ಒತ್ತುಗಳು ಕೊಂಚ ಸರಿದು ಕಂಡರೂ ಸರಿ, ನಮ್ಮ ಹುಡುಗಿ ತನ್ನ ಟಿಪ್ಪಣಿಗಳನ್ನೆಲ್ಲ ಕನ್ನಡದಲ್ಲೇ ಬರೆದಿದ್ದಾಳೆ.

ಇಷ್ಟೆಲ್ಲ ಇರುವುದು ಒಂದು ಸಾದಾ ಪಠ್ಯ ಫೈಲಿನಲ್ಲಿ. ಬೇರೆ ಯಂತ್ರಕ್ಕೆ ಹೋದರೆ ಅದನ್ನು ನಕಲು ಮಾಡಿಕೊಂಡರಾಯಿತು, ಕೈಯ ರೂಢಿ ಬದಲಾಗುವುದಿಲ್ಲ. ಕೆಲಸ ಮಾಡುವವರ ಕೈಗೆ ಹೊಂದಿಕೊಳ್ಳುವ ಇಂಥ ಉಪಕರಣವನ್ನು ಡಿಪ್ಲೊಮಾ, ಇಂಜಿನಿಯರಿಂಗ್ ಓದುವ ಮಕ್ಕಳಿಗೆ ಮೊದಲ ವರ್ಷದಲ್ಲೇ ತೋರಿಸಬೇಕು ಎಂಬುದು ನನ್ನ ಅಭಿಪ್ರಾಯ. ಕಲಿಸುವ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ: ಸಿದ್ಧ ಫೈಲ್ ಹಂಚಬೇಡಿ, ಖಾಲಿ ಫೈಲ್ ಕೊಟ್ಟು ಅವರಿಂದಲೇ ಒಂದೊಂದು ಸಾಲು ಬರೆಸಿ. ನೀವೇ ಕಲಿಯುವವರಾದರೆ ಟಿಮಕ್ಸ್ ಹಾಕಿಕೊಂಡು, ಕಂಟ್ರೋಲ್-ಬಿ ಒತ್ತಿ, ನಂತರ ಪ್ರಶ್ನೆಯ ಚಿಹ್ನೆ ಒತ್ತಿ. ಇರುವ ಕೀಗಳ ಪಟ್ಟಿ ಬರುತ್ತದೆ. ಓದಿ ಮುಗಿದ ಮೇಲೆ ಕ್ಯೂ ಒತ್ತಿದರೆ ಪಟ್ಟಿ ಮುಚ್ಚುತ್ತದೆ.