ಚಿಪ್ಪಿನೊಳಗೆ ವಿದ್ಯುತ್ ಉಳಿತಾಯ

ಮೊಬೈಲ್ ಫೋನಿನಲ್ಲಿ ಸ್ವಲ್ಪ ಹೊತ್ತು ವೀಡಿಯೋ ನೋಡಿದರೆ ಅದರ ಬೆನ್ನು ಬಿಸಿಯಾಗುವುದನ್ನು ನೀವು ಗಮನಿಸಿರಬಹುದು. ಬ್ಯಾಟರಿಯ ವಿದ್ಯುತ್ತೇ ಹೀಗೆ ಶಾಖವಾಗಿ ಹೋಗುತ್ತದೆ. ಇದನ್ನು ತಗ್ಗಿಸುವುದು ಹೇಗೆ?

ಇಂದಿನ ಬಹುಪಾಲು ಚಿಪ್ಪುಗಳು 'ಸಿಮಾಸ್' ಎಂಬ ವಿಧಾನದವು. 1963ರಲ್ಲಿ ಅಮೆರಿಕದ ಫ್ರಾಂಕ್ ವಾನ್‌ಲಾಸ್ ಇದನ್ನು ರೂಪಿಸಿದರು. ಇಲ್ಲಿ ಟ್ರಾನ್ಸಿಸ್ಟರುಗಳು ಜೋಡಿಯಾಗಿರುತ್ತವೆ. ಒಂದು ತೆರೆದಿದ್ದಾಗ ಇನ್ನೊಂದು ಮುಚ್ಚಿರುತ್ತದೆ. ಆದ್ದರಿಂದ ಸುಮ್ಮನಿರುವಾಗ ವೆಚ್ಚ ಅತ್ಯಲ್ಪ. ಸೊನ್ನೆ ಒಂದಾಗುವಾಗ, ಒಂದು ಸೊನ್ನೆಯಾಗುವಾಗ ಮಾತ್ರ ತಂತಿಗಳಲ್ಲಿ ವಿದ್ಯುದಾವೇಶ ತುಂಬಿ ಬರಿದಾಗಬೇಕು. ಬಿಂದಿಗೆ ತುಂಬಿ ಮತ್ತೆ ಚೆಲ್ಲಿದ ಹಾಗೆ.

ಈ ವೆಚ್ಚ ಮೂರು ಸಂಗತಿಗಳನ್ನು ಅವಲಂಬಿಸಿದೆ: ಬಿಂದಿಗೆ ಎಷ್ಟು ದೊಡ್ಡದು, ಅಂದರೆ ಧಾರಕತೆ, ಸೆಕೆಂಡಿಗೆ ಎಷ್ಟು ಸಲ ತುಂಬುತ್ತೇವೆ, ಅಂದರೆ ಆವರ್ತನ, ಮೂರನೆಯದು ವೋಲ್ಟೇಜಿನ ವರ್ಗ. ಈ ವರ್ಗವೇ ಮುಖ್ಯ. ವೋಲ್ಟೇಜನ್ನು ಅರ್ಧಕ್ಕಿಳಿಸಿದರೆ ವೆಚ್ಚ ಕಾಲು ಭಾಗಕ್ಕಿಳಿಯುತ್ತದೆ.

ಹಾಗಾದರೆ ಇಳಿಸುತ್ತಲೇ ಹೋಗಬಾರದೇಕೆ ಎಂದು ನೀವು ಕೇಳಬಹುದು. ವೋಲ್ಟೇಜ್ ಇಳಿದಂತೆ ಚಿಪ್ಪಿನ ವೇಗವೂ ಕುಗ್ಗುತ್ತದೆ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಅನಂತ ಚಂದ್ರಕಾಸನ್ ಮತ್ತು ಸಂಗಡಿಗರು 1992ರಲ್ಲಿ ಇದಕ್ಕೊಂದು ಉಪಾಯ ತೋರಿಸಿದರು. ಸಂಖ್ಯೆಗಳನ್ನು ಕೂಡಿ ಹೋಲಿಸುವ ಒಂದು ಮಂಡಲದ ಬದಲು ಎರಡನ್ನು ಅಕ್ಕಪಕ್ಕ ಇಟ್ಟು, ಪ್ರತಿಯೊಂದನ್ನೂ ಅರ್ಧ ವೇಗದಲ್ಲಿ ನಡೆಸಿದರೆ ಒಟ್ಟು ಕೆಲಸ ಅಷ್ಟೇ ಆಗುತ್ತದೆ. ನಿಧಾನವಾಗಿ ನಡೆಯುವುದರಿಂದ 5 ವೋಲ್ಟ್ ಬದಲು 2.9 ವೋಲ್ಟ್ ಸಾಕಾಗುತ್ತದೆ. ವೆಚ್ಚ ಮೊದಲಿನ ಶೇಕಡಾ 36ಕ್ಕೆ ಇಳಿಯಿತು. ಆದರೆ ಸಿಲಿಕಾನಿನ ಜಾಗ ಮೂರು ಪಟ್ಟಿಗೂ ಹೆಚ್ಚು ಬೇಕಾಯಿತು. ಇಂದಿನ ಫೋನುಗಳಲ್ಲಿ ಒಂದೇ ಚಿಪ್ಪಿನ ಮೇಲೆ ಹಲವು ಸಂಸ್ಕಾರಕಗಳಿರುವುದಕ್ಕೆ ಈ ಲೆಕ್ಕಾಚಾರವೂ ಒಂದು ಕಾರಣ.

ಇನ್ನೊಂದು ತೊಡಕು ಸೋರಿಕೆ. ಟ್ರಾನ್ಸಿಸ್ಟರುಗಳು ಅತಿ ಸಣ್ಣದಾದ ಮೇಲೆ, ಮುಚ್ಚಿದ ನಲ್ಲಿಯಿಂದ ಹನಿ ತೊಟ್ಟಿಕ್ಕುವಂತೆ, ಮುಚ್ಚಿದ್ದಾಗಲೂ ಸ್ವಲ್ಪ ವಿದ್ಯುತ್ ಹರಿಯುತ್ತದೆ. ಒಂದು ಟ್ರಾನ್ಸಿಸ್ಟರಿನದು ಲೆಕ್ಕಕ್ಕಿಲ್ಲ. ಕೋಟಿಗಟ್ಟಲೆ ಸೇರಿದಾಗ ದೊಡ್ಡ ಮೊತ್ತ. ಆದ್ದರಿಂದ ವಿನ್ಯಾಸಕಾರರು ಕೆಲಸವಿಲ್ಲದ ಭಾಗಕ್ಕೆ ಗಡಿಯಾರದ ಮಿಡಿತವನ್ನು ನಿಲ್ಲಿಸುತ್ತಾರೆ. ಇದರಿಂದ ತುಂಬಿ ಚೆಲ್ಲುವ ವೆಚ್ಚ ನಿಲ್ಲುತ್ತದೆ, ಸೋರಿಕೆ ನಿಲ್ಲುವುದಿಲ್ಲ. ಬಿಡುವು ದೀರ್ಘವಾಗಿದ್ದರೆ ಆ ಭಾಗದ ವಿದ್ಯುತ್ ಸರಬರಾಜನ್ನೇ ಕಡಿಯುತ್ತಾರೆ. ಖಾಲಿ ಕೋಣೆಯ ದೀಪ ಆರಿಸುವ ನಮ್ಮ ಮನೆಯ ರೂಢಿಯೇ ಇದು.

ಫೋನಿನ ಬ್ಯಾಟರಿ ಮುಗಿದರೆ ಮತ್ತೆ ಚಾರ್ಜ್ ಮಾಡಿಕೊಳ್ಳಬಹುದು. ಎದೆಯಲ್ಲಿ ಅಳವಡಿಸಿದ ಪೇಸ್‌ಮೇಕರಿನ ಬ್ಯಾಟರಿ ಮುಗಿದರೆ ಸಾಮಾನ್ಯವಾಗಿ ಮತ್ತೊಂದು ಶಸ್ತ್ರಚಿಕಿತ್ಸೆಯೇ ಆಗಬೇಕು. ಅಲ್ಲಿ ಉಳಿಸುವ ಒಂದೊಂದು ಮೈಕ್ರೋವ್ಯಾಟ್ ಕೂಡ ಆ ದಿನವನ್ನು ಮುಂದಕ್ಕೆ ತಳ್ಳುತ್ತದೆ.