ಓಲಗದ ಮನೆಯ ಉಸಿರು

ಮೂಡಿಗೆರೆ ತಾಲ್ಲೂಕಿನ ಜಾವಳಿಯ ಹೆಸರನ್ನು ಕೇಳಿದೊಡನೆ ಸಂಗೀತಪ್ರಿಯರಿಗೆ ಅದೇ ಹೆಸರಿನ ಶೃಂಗಾರ ರಚನೆಗಳು ನೆನಪಾದರೆ ಆಶ್ಚರ್ಯವಿಲ್ಲ. ಆದರೆ ಕಾಫಿ ತೋಟಗಳ ನಡುವಣ ಈ ಊರಿನ ಹಿರಿಮೆ ಬೇರೆ. ಹೇಮಾವತಿಯು ಹುಟ್ಟುವುದು ಇಲ್ಲಿ. ಇಲ್ಲಿಯ ನೀರು ಮೂಡಣಕ್ಕೆ ಹರಿದು ಮೈಸೂರಿನ ಸಮೀಪದ ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಕೂಡುತ್ತದೆ. ಹತ್ತಿರದ ಚಾರ್ಮಾಡಿ ಘಟ್ಟದ ಪಡುವಣ ಮಗ್ಗುಲಿಗೆ ಬಿದ್ದ ಮಳೆಯಾದರೋ ನೇತ್ರಾವತಿಯನ್ನು ಸೇರಿ ಅರಬ್ಬಿ ಸಮುದ್ರಕ್ಕಿಳಿಯುತ್ತದೆ. ಒಂದೇ ಮುಗಿಲಿನ ಹನಿಗಳಿಗೆ ಎರಡು ದಾರಿ. ನೀರಿಗೆ ಘಟ್ಟ ಹತ್ತಲು ಬಾರದು, ನಾದಕ್ಕೆ ಬರುತ್ತದೆ. ನೇತ್ರಾವತಿಯ ಸೀಮೆಯ ಹುಡುಗನೊಬ್ಬನು ಮೈಸೂರು ಅರಮನೆಯ ಬ್ಯಾಂಡಿನ ಒಂದು ದನಿಗೆ ಮನಸೋತದ್ದರಿಂದ ಕರ್ನಾಟಕ ಸಂಗೀತಕ್ಕೆ ಹೊಸದೊಂದು ವಾದ್ಯ ಒದಗಿತು. ಆ ಹುಡುಗನೇ ಮುಂದೆ ಕದ್ರಿ ಗೋಪಾಲನಾಥರೆಂದು ಹೆಸರಾದರು.

ಗೋಪಾಲನಾಥರು 1949ರಲ್ಲಿ ಬಂಟವಾಳ ತಾಲ್ಲೂಕಿನ ಸಜಿಪಮೂಡದಲ್ಲಿ ಜನಿಸಿದರು. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಓಲಗದ ಮನೆಯ ಮಗನ ದಾರಿ ಹುಟ್ಟಿನೊಡನೆಯೇ ನಿಶ್ಚಿತವಾದದ್ದು: ದೇವಸ್ಥಾನದ ಉತ್ಸವ, ಮದುವೆಯ ಚಪ್ಪರ. ಆ ದಾರಿಯಲ್ಲಿ ಹೆಜ್ಜೆಯಿಟ್ಟಿದ್ದ ಬಾಲಕನ ಕಿವಿಗೆ ಅರಮನೆಯ ಬ್ಯಾಂಡಿನ ಸ್ಯಾಕ್ಸೋಫೋನು ಬಿತ್ತು. ಕಲಿತರೆ ಇದನ್ನೇ ಕಲಿಯಬೇಕೆಂಬ ಹಂಬಲ ಹುಟ್ಟಿತು.

ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸನು ನಿರ್ಮಿಸಿ 1846ರಲ್ಲಿ ಹಕ್ಕುಪತ್ರ ಪಡೆದ ಈ ವಾದ್ಯವು ಮೊದಲು ಬೇರೂರಿದ್ದು ಸೇನೆಯ ಬ್ಯಾಂಡುಗಳಲ್ಲಿ. ಪಾಶ್ಚಾತ್ಯ ಸಿಂಫನಿಯ ವಾದ್ಯವೃಂದದಲ್ಲಿ ಇದಕ್ಕೆ ಇಂದಿಗೂ ಖಾಯಂ ಪೀಠವಿಲ್ಲ. ಸಾಲಿನಲ್ಲಿ ನಿಂತು ಹತ್ತರೊಡನೆ ಹನ್ನೊಂದಾಗುವುದು ಇದರ ಪಾಲಿಗೆ ಬಂದ ಕೆಲಸ. ನಾಗಸ್ವರದ ರಂಧ್ರಗಳ ಮೇಲೆ ಬೆರಳು ನೇರವಾಗಿ ಕೂರುತ್ತದೆ. ಅರ್ಧ ಮುಚ್ಚಿ, ಅರ್ಧ ತೆರೆದು ಸ್ವರವನ್ನು ಜಾರಿಸಬಹುದು. ಸ್ಯಾಕ್ಸೋಫೋನಿನಲ್ಲಾದರೋ ಬೆರಳಿಗೂ ರಂಧ್ರಕ್ಕೂ ನಡುವೆ ಲೋಹದ ಕೀಲಿಗಳು. ಒಂದೊಂದು ಸ್ವರವೂ ತನ್ನ ಮನೆಯಲ್ಲೇ ಕದವಿಕ್ಕಿಕೊಂಡಂತೆ. ನಮ್ಮ ರಾಗಗಳ ಪ್ರಾಣವಿರುವುದು ಸ್ವರಸ್ವರಗಳ ನಡುವಣ ಗಮಕದಲ್ಲಿ. ಆ ಕದ ತೆರೆಯದೆ ಕಲ್ಯಾಣಿಯಿಲ್ಲ, ತೋಡಿಯಿಲ್ಲ.

ಆ ಕದ ತೆರೆಯಲು ಹಿಡಿದದ್ದು ಸುಮಾರು 20 ವರ್ಷ. ಅನುಸರಿಸಲು ಸಿದ್ಧವಾದ ಪಾಠಕ್ರಮವಿರಲಿಲ್ಲ. ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರೂ, ಮುಂದೆ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರೂ ಗುರುಗಳಾದರು. ಗುರು ಹೇಳಿಕೊಟ್ಟದ್ದು ಸಂಗೀತ. ಅದನ್ನು ಲೋಹದಲ್ಲಿ ಮೂಡಿಸುವ ಬಗೆಯನ್ನು ಶಿಷ್ಯನೇ ಹುಡುಕಬೇಕಾಯಿತು. ಬೆರಳಿಗೆ ಒಲಿಯದ ಗಮಕವನ್ನು ತುಟಿಯ ಒತ್ತಡದಿಂದ, ಉಸಿರಿನ ಏರಿಳಿತದಿಂದ ಸಾಧಿಸಬೇಕಾಯಿತು. ಇಲ್ಲಿ ಒಂದು ಮಾತನ್ನು ಮರೆಯಬಾರದು. ನಾಗಸ್ವರವೂ ಸ್ಯಾಕ್ಸೋಫೋನೂ ಬುಡದತ್ತ ಅಗಲವಾಗುತ್ತ ಹೋಗುವ ಕೊಳವೆಗಳೇ. ಎರಡರಲ್ಲೂ ನಾದ ಹುಟ್ಟುವುದು ತೆಳುವಾದ ಎಲೆಯ ಕಂಪನದಿಂದಲೇ. ಗೋಪಾಲನಾಥರು ತಂದೆಯ ಮನೆಯನ್ನು ಬಿಟ್ಟು ಹೋದರೆಂಬುದು ಅರ್ಧ ಸತ್ಯ. ಆ ಮನೆಯ ಉಸಿರು ಅವರ ಜೊತೆಗೇ ಹೋಯಿತು.

ಪರದೇಶದ ವಾದ್ಯಕ್ಕೆ ನಮ್ಮ ಕಛೇರಿಯಲ್ಲೇನು ಕೆಲಸವೆಂಬ ಆಕ್ಷೇಪ ಸಹಜ. ಆದರೆ ಪಿಟೀಲೂ ಹಾಗೆ ಬಂದದ್ದೇ ಅಲ್ಲವೆ? ಅದಕ್ಕೆ ಏಳು ತಂತಿ ಬಿಗಿದ ಚೌಡಯ್ಯನವರು ನಮ್ಮವರೇ ಅಲ್ಲವೆ? ವಾದ್ಯಕ್ಕೆ ಕುಲವಿಲ್ಲ, ನುಡಿಸುವವನ ಸಾಧನೆಯೇ ಅದರ ಕುಲ. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಇವರೊಡನೆ ನುಡಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ಬಿ.ಬಿ.ಸಿ. ಪ್ರಾಮ್ಸ್ ಉತ್ಸವಕ್ಕೆ ಇವರಿಗೆ ಕರೆ ಬಂತು. ಅದೇ ವರ್ಷ ‘ಡ್ಯುಯೆಟ್’ ಎಂಬ ತಮಿಳು ಚಿತ್ರವು ಈ ನಾದವನ್ನು ಮನೆಮನೆಗೆ ಮುಟ್ಟಿಸಿತು. 2004ರಲ್ಲಿ ಪದ್ಮಶ್ರೀ ಬಂದಿತು. 2008ರ ‘ಕಿನ್ಸ್‌ಮೆನ್’ ಧ್ವನಿಮುದ್ರಿಕೆಯಲ್ಲಿ ಅಮೆರಿಕದ ರುದ್ರೇಶ್ ಮಹಂತಪ್ಪನವರೊಡನೆ ನುಡಿಸಿದರು. ಜಾಝ್ ಮಾರ್ಗದಲ್ಲಿ ಬೆಳೆದ ಕಿರಿಯನು ಅದೇ ವಾದ್ಯದಲ್ಲಿ ರಾಗವನ್ನು ಅರಸಿ ಈ ಹಿರಿಯರ ಬಳಿ ಬಂದನೆಂಬುದು ಆ ಮುದ್ರಿಕೆಯ ಸ್ವಾರಸ್ಯ.

2019ರ ಅಕ್ಟೋಬರ್ 11ರಂದು ಗೋಪಾಲನಾಥರು ಮಂಗಳೂರಿನಲ್ಲಿ ತೀರಿಕೊಂಡರು. ಹೊಸ ದಾರಿ ಹಿಡಿದವರನ್ನು ಹೊಗಳುವಾಗ ನಾವು ಆ ದಾರಿಯ ಹೊಸತನವನ್ನು ಎಣಿಸುತ್ತೇವೆ, ನಡೆದ ವರ್ಷಗಳನ್ನು ಎಣಿಸುವುದಿಲ್ಲ. ಇಂದಿನ ವಿದ್ಯಾರ್ಥಿಯ ಮನಸ್ಸು ಕೇಳದೊಂದು ದನಿಗೆ ಮರುಳಾದರೆ ಹಿರಿಯರು ಗದರಿಸಬೇಕಿಲ್ಲ. 20 ವರ್ಷದ ತಾಳ್ಮೆ ಉಂಟೆ ಎಂದು ಕೇಳಿದರೆ ಸಾಕು. ಜಾವಳಿಯಲ್ಲಿ ಹೇಮಾವತಿ ಬೊಗಸೆಯಷ್ಟು ನೀರು. ಅದು ನದಿಯಾಗುವುದು ಹರಿದ ದೂರದಿಂದ.